ಮಾರಿಗೆಷ್ಟು ಮೊಳ

ಮುನಿನಾರಾಯಣಮ್ಮ ನಿನ್ನೆ ಸಂಜೆ ತನ್ನ ಕೈಯನ್ನು ನೋಡಿದ ರೀತಿ ನೆನಪಾಗಿಯೇ ಕೃಷ್ಣಿಗೆ ಎಚ್ಚರವಾಯಿತು. ಆಕೆ ಮುಖ ನೋಡಿರಲಿಲ್ಲ. ಮೊಳಕೈಯಿಂದ ಹಿಡಿದು ನಡುಬೆರಳಿನ ತುದಿಯವರೆಗೆ, ಸಂತೆಯಲ್ಲಿ ದನ ಕೊಳ್ಳುವವರು ನೋಡುವ ಹಾಗೆ, ಅವಸರವಿಲ್ಲದೆ ನೋಡಿದ್ದಳು. ನೋಡಿ, ಬಾಯಲ್ಲಿದ್ದ ಎಲೆಅಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ತಳ್ಳಿ, "ಅಬ್ಬ ಕಳೀಲಿ, ಆಮ್ಯಾಕ್ ಮಾತಾಡಾನ" ಎಂದಿದ್ದಳು. ನಾಳೆ ಶುಕ್ರವಾರ, ವರಮಹಾಲಕ್ಷ್ಮಿ ಹಬ್ಬ. ಅದಾದ ಮೇಲೆ ಆಡಬೇಕಾದ ಮಾತು ಏನೆಂದು ಕೃಷ್ಣಿ ಕೇಳಲಿಲ್ಲ. ಕೇಳಬೇಕಾದ ಅಗತ್ಯವೇ ಇರಲಿಲ್ಲ. ಈಗ ಚಾಪೆಯ ಮೇಲೆ ಮಲಗಿದ್ದಂತೆಯೇ ಎರಡೂ ಕೈಗಳನ್ನು ಮೇಲೆತ್ತಿ ಜೋಡಿಸಿದಳು. ಬಲಗೈ ಎಡಗೈಗಿಂತ ಒಂದು ನೂಲಿನಷ್ಟು ಉದ್ದವಿದೆಯೋ ಏನೋ. ದಿನವೂ ಅಳೆಯುವ ಕೈ ಬೇಗ ಬೆಳೆಯುತ್ತದೆಯೆ? ಇದು ಹುಚ್ಚು ಯೋಚನೆ ಎಂದು ಅವಳಿಗೂ ಗೊತ್ತಿತ್ತು. ಆದರೂ ಇವತ್ತಿನಿಂದ ಎಡಗೈಯಲ್ಲಿ ಅಳೆದರೆ ಹೇಗೆ ಎಂದು ಹಲ್ಲುಜ್ಜುವವರೆಗೂ ಯೋಚಿಸಿದಳು.

ಯಶವಂತಪುರದ ಬಜಾರು ಬೀದಿಯಲ್ಲಿ ಮುನಿನಾರಾಯಣಮ್ಮನ ಹೂವಿನಂಗಡಿ. ಹೈಸ್ಕೂಲಿಗೆ ಸೇರಿದ ವರ್ಷದಿಂದ ಕೃಷ್ಣಿ ದಿನವೂ ಸ್ಕೂಲು ಬಿಟ್ಟವಳೇ ಅಲ್ಲಿಗೆ ಹೋಗಿ ಕೂರುತ್ತಾಳೆ, ನಾಲ್ಕೂವರೆಯಿಂದ ದೀಪ ಹಚ್ಚಿ ಸ್ವಲ್ಪ ಹೊತ್ತಿನವರೆಗೆ. ಇದು ಮೂರನೆಯ ವರ್ಷ. ಮೊದಲ ವರ್ಷವೆಲ್ಲ ಅವಳು ಎಂಥ ಜಂಬದಲ್ಲಿದ್ದಳು! ಗೊರಗುಂಟೆಪಾಳ್ಯದಲ್ಲಿ ಅಷ್ಟು ಹುಡುಗಿಯರಿದ್ದರೂ ಮುನಿನಾರಾಯಣಮ್ಮ ತಾನೇ ಮನೆಗೆ ಬಂದು ಇವಳನ್ನು ಕೇಳಿದ್ದು ಇವಳು ಲೆಕ್ಕದಲ್ಲಿ ಜಾಣೆ ಎಂದು. ಹಾಗೆಂದು ಯಾರೂ ಹೇಳಿರಲಿಲ್ಲ, ಇವಳೇ ಅಂದುಕೊಂಡಿದ್ದಳು. ಆಮೇಲೆ ಒಂದು ದಿನ ಮುನಿನಾರಾಯಣಮ್ಮನ ಗಂಡ ಕದಿರಪ್ಪ, ಪಕ್ಕದ ಬಳೆಯಂಗಡಿಯವನ ಹತ್ತಿರ ಬೀಡಿ ಹಚ್ಚಿಸಿಕೊಳ್ಳುತ್ತ, "ನಮ್ ಉಡ್ಗಿ ಮೊಳ ನೋಡಿದ್ಯಾ? ಬೆಕ್ಕಿನ್ ಕಾಲ್ ಇದ್ದಂಗೈತೆ. ದ್ಯಾವ್ರು ಕೊಟ್ಟಿದ್ದು" ಎಂದು ನಕ್ಕ. ಅವಳೂ ಜೊತೆಗೆ ನಕ್ಕಳು. ನಗುತ್ತ ನಗುತ್ತ ಅರ್ಥವಾಯಿತು. ಮನೆಮನೆಯಲ್ಲಿ ಹೂವು ಕಟ್ಟುವ ಹೆಂಗಸರಿಂದ ಅಂಗಡಿಗೆ ಹೂವು ಬರುವುದು ಮಾರಿನ ಲೆಕ್ಕದಲ್ಲಿ. ಮಾರು ಎಂದರೆ ಅಗಲಿಸಿದ ಎರಡು ತೋಳು, ಕದಿರಪ್ಪನ ತೋಳು. ಆತ ಬಾಗಿಲಿಗೆ ತಲೆ ತಗ್ಗಿಸಿ ಬರುವ ಆಳು. ಅಂಗಡಿಯಿಂದ ಹೂವು ಹೋಗುವುದು ಮೊಳದ ಲೆಕ್ಕದಲ್ಲಿ. ಮೊಳ ಎಂದರೆ ಮೊಳಕೈಯಿಂದ ಬೆರಳಿನ ತುದಿ, ಕೃಷ್ಣಿಯ ಬೆರಳಿನ ತುದಿ. ಮಾರಿಗೆ ನಾಲ್ಕು ಮೊಳ ಎಂದು ಪ್ರಪಂಚಕ್ಕೆಲ್ಲ ಗೊತ್ತು. ಮುನಿನಾರಾಯಣಮ್ಮನ ಅಂಗಡಿಯಲ್ಲಿ ಮಾತ್ರ ಹೆಚ್ಚುಕಡಿಮೆ ಐದು ಬರುತ್ತಿತ್ತು. ಯಾರೂ ಸುಳ್ಳು ಹೇಳುತ್ತಿರಲಿಲ್ಲ. ಮಾರೂ ನಿಜವಾದ ಮಾರು, ಮೊಳವೂ ನಿಜವಾದ ಮೊಳ. ಅವತ್ತು ರಾತ್ರಿ ಊಟ ಮಾಡುವಾಗ ಅವಳಿಗೆ ತನ್ನ ಕೈ ಬೇರೆ ಯಾರದೋ ಕೈ ಅನ್ನಿಸಿತ್ತು.

ಅವ್ವ ಎದ್ದಾಗಿನಿಂದ ಕಟ್ಟುತ್ತಲೇ ಇದ್ದಳು. ಕಾಲು ನೀಡಿ, ಹೆಬ್ಬೆರಳಿಗೆ ದಾರ ಸಿಕ್ಕಿಸಿಕೊಂಡು, ಪಕ್ಕದಲ್ಲಿ ಒದ್ದೆ ಬಟ್ಟೆಯ ಮೇಲೆ ಕಾಕಡದ ಮೊಗ್ಗು ಹರಡಿಕೊಂಡು. ಮೊಗ್ಗು ನಿನ್ನೆ ಸಂಜೆ ಕೋಗಿಲು ಹಳ್ಳಿಯ ತೋಟದಿಂದ ಬಂದದ್ದು. ಅವ್ವನ ತೋರುಬೆರಳಿನ ಪಕ್ಕದಲ್ಲಿ ದಾರ ಕೊರೆದು ಕೊರೆದು ಒಂದು ಕಪ್ಪು ಗೆರೆ ಬಿದ್ದಿತ್ತು. ಅದು ಬಿಸಿನೀರಿಗೂ ಹೋಗುತ್ತಿರಲಿಲ್ಲ, ಸೀಗೆಪುಡಿಗೂ ಹೋಗುತ್ತಿರಲಿಲ್ಲ. ಕಟ್ಟಿ ಮುಗಿಸಿದ ಮೇಲೆ ಅವ್ವ ಎದ್ದು ನಿಂತು ತನ್ನ ಗಿಡ್ಡ ತೋಳನ್ನು ಅಗಲಿಸಿ ತಾನೇ ಒಂದು ಸಲ ಅಳೆಯುತ್ತಿದ್ದಳು. ಹನ್ನೆರಡು ಮಾರು. ಗೊರಗುಂಟೆಪಾಳ್ಯದಲ್ಲಿ ಹನ್ನೆರಡಿದ್ದದ್ದು ಯಶವಂತಪುರ ಸೇರುವಷ್ಟರಲ್ಲಿ ಹತ್ತಾಗುತ್ತಿತ್ತು. ದಾರಿಯಲ್ಲಿ ಬಿಸಿಲಿಗೆ ದಾರ ಎಳೆದುಕೊಳ್ಳುತ್ತದೆ ಎಂದು ಅವ್ವ ಹೇಳುತ್ತಿದ್ದಳು, ಮಳೆಗಾಲದಲ್ಲೂ ಹಾಗೆಯೇ ಹೇಳುತ್ತಿದ್ದಳು. ಚಿಕ್ಕವಳಿದ್ದಾಗ ಕೃಷ್ಣಿ ಅದನ್ನು ನಂಬಿದ್ದಳು. ಅವ್ವ ನಂಬಿದ್ದಳೋ ಇಲ್ಲವೋ ಈಗಲೂ ಗೊತ್ತಾಗುವುದಿಲ್ಲ.

"ಯಾಕೆ ಕಿಷ್ಣಿ ಮಕ ಸಪ್ಪಗ್ ಮಾಡ್ಕಂಡಿದ್ಯ?"

"ಏನಿಲ್ಲ."

"ಏನಿಲ್ಲ ಅಂದ್ರೆ ಆಯ್ತಾ? ಆಯಮ್ಮ ಏನಾರ ಅಂದ್ಲಾ?"

"ಏನೂ ಅಂದಿಲ್ಲ ಬಿಡವ್ವ, ಬೆಳ್‌ಬೆಳಿಗ್ಗೆ."

ರೇಗಿಬಿಟ್ಟಳು. ಅವ್ವ ಇನ್ನೆರಡು ಮೊಗ್ಗು ಜೋಡಿಸಿ ಗಂಟು ಬಿಗಿದಳು. ಹೇಳಿದ್ದರೆ ಏನಾಗುತ್ತಿತ್ತು? ಅಪ್ಪನ ಮಾತು ಮೊದಲೇ ಆಗಿಹೋಗಿತ್ತು. ಹೂವಿನಂಗಡಿ ಇರುವವರೆಗೆ ಸ್ಕೂಲು. ಫೀಜು, ಪುಸ್ತಕ ಎಲ್ಲ ಅವಳದೇ ಸಂಪಾದನೆಯಿಂದ. ಅಂಗಡಿ ಬಿಟ್ಟ ದಿನ ಸ್ಕೂಲೂ ಬಿಟ್ಟ ಹಾಗೆ. ಅಪ್ಪ ಕೆಟ್ಟವನಲ್ಲ. ರೈಲ್ವೆ ಗೂಡ್ಸ್ ಶೆಡ್ಡಿನಲ್ಲಿ ಮೂಟೆ ಹೊತ್ತು ಬಂದು ಬೆನ್ನಿಗೆ ಎಣ್ಣೆ ಹಚ್ಚಿಸಿಕೊಳ್ಳುತ್ತ, "ಇಬ್ರೂ ಕುಂತ್ರೆ ದಿನಕ್ಕೆ ಇಪ್ಪತ್ತೈದು ಮಾರು ಕಟ್ಬೋದಲ್ವಾ" ಎಂದು ಒಂದು ಲೆಕ್ಕ ಹೇಳಿದ್ದ, ಅಷ್ಟೆ. ಅಂದಿನಿಂದ ಕೃಷ್ಣಿಗೆ ಅವ್ವನ ಪಕ್ಕದ ಖಾಲಿ ಜಾಗ ಕಂಡರೆ ಹೆದರಿಕೆ. ಅಲ್ಲಿ ಕೂತುಬಿಟ್ಟರೆ ಏಳುವುದಿಲ್ಲ. ಬೆರಳಿಗೆ ಆ ಕಪ್ಪು ಗೆರೆ ಬೀಳುತ್ತದೆ. ಇನ್ನು ಏಳು ತಿಂಗಳಿಗೆ ಎಸ್ಸೆಸ್ಸೆಲ್ಸಿ. ಏಳು ತಿಂಗಳು ಕೈ ಬೆಳೆಯದೆ ಇದ್ದರೆ ಸಾಕಾಗಿತ್ತು. ಹೊರಡುವಾಗ ಅವ್ವ ಕಟ್ಟಿದ್ದರಲ್ಲಿಯೇ ಒಂದು ತುಂಡು ಕಿತ್ತು ಮುಡಿಸಲು ಬಂದಳು. "ಬ್ಯಾಡ, ಕಮ್ಮಿ ಆಯ್ತದೆ" ಎಂದು ಕೃಷ್ಣಿ ತಲೆ ತಪ್ಪಿಸಿಕೊಂಡು ನಡೆದಳು.

ಸ್ಕೂಲಿನಲ್ಲಿ ಅವತ್ತೇ ಆಗಬೇಕೆ ಅದು. ಸೇರು ಹೋಗಿ ಕಿಲೋ ಬಂದು, ಗಜ ಹೋಗಿ ಮೀಟರು ಬಂದು ಊರಿಗೆ ಊರೇ ಗೊಣಗುತ್ತಿದ್ದ ಕಾಲ. ಲೆಕ್ಕದ ಮೇಷ್ಟ್ರು ನರಸಯ್ಯನವರು ಹೊಸದಾಗಿ ಬಂದಿದ್ದ ಮರದ ಮೀಟರು ಕೋಲನ್ನು ಮಗು ಎತ್ತಿಕೊಂಡ ಹಾಗೆ ಎತ್ತಿಕೊಂಡು ಬಂದು, ಇನ್ನು ಮೇಲೆ ದೇಶದಲ್ಲಿ ಯಾರೂ ಯಾರಿಗೂ ಅಳತೆಯಲ್ಲಿ ಮೋಸ ಮಾಡುವ ಹಾಗಿಲ್ಲ ಎಂದರು. ಮನುಷ್ಯನ ಮೈಯಿಂದ ಅಳೆಯುವುದು ಅನಾಗರಿಕರ ಪದ್ಧತಿ ಎಂದರು. "ಒಂದು ಮೊಳ ಅಂದ್ರೆ ಎಷ್ಟು ಸೆಂಟಿಮೀಟರು? ಯಾರ್ ಹೇಳ್ತೀರಿ?" ಕೃಷ್ಣಿ ತಲೆ ಬಗ್ಗಿಸಿದಳು. ಹಿಂದಿನ ಬೆಂಚಿನಿಂದ ನೂರುಲ್ಲಾ, ಬಟ್ಟೆಯಂಗಡಿಯವರ ಹುಡುಗ, "ಸಾರ್, ಕೃಷ್ಣಮ್ಮನ್ನ ಕೇಳಿ ಸಾರ್. ದಿನಾ ಅಳೀತಾಳೆ" ಎಂದ. ಅವನೂ ಸ್ಕೂಲು ಬಿಟ್ಟ ಮೇಲೆ ತನ್ನ ಮಾವನ ಅಂಗಡಿಯಲ್ಲಿ ಬಟ್ಟೆ ಹರಿಯುವವನೇ. ಆದರೆ ಅವನು ಮಾವನ ಅಂಗಡಿಯಲ್ಲಿ ಕೂತರೆ ಅದು ಕೂಲಿಯಲ್ಲ. ಮೇಷ್ಟ್ರಿಗೆ ಖುಷಿಯಾಯಿತು. ಬಾಮ್ಮ ಎಂದು ಕರೆದು, ಕರಿಹಲಗೆಯ ಮುಂದೆ ನಿಲ್ಲಿಸಿ, ಅವಳ ಮೊಳಕೈಗೆ ಕೋಲಿನ ತುದಿ ಒತ್ತಿ ಹಿಡಿದರು. ಕೋಲು ತಣ್ಣಗಿತ್ತು. ನಡುಬೆರಳನ್ನು ತಾವೇ ಎಳೆದು ನೆಟ್ಟಗೆ ಮಾಡಿ ಓದಿದರು. "ನಲವತ್ತೆರಡು. ಪುಸ್ತಕದ ಪ್ರಕಾರ ನಲವತ್ತೈದು ಚಿಲ್ರೆ ಇರ್ಬೇಕು. ನೋಡಿದ್ರಾ, ಗಿರಾಕಿಗೆ ಮೂರು ಸೆಂಟಿಮೀಟರು ನಷ್ಟ!" ಕ್ಲಾಸು ನಕ್ಕಿತು. ನೂರುಲ್ಲಾ ಎದ್ದು ನಿಂತು, "ಸಾರ್, ನಮ್ ಅಂಗಡಿ ಮೀಟರಿಗೆ ಇನ್‌ಸ್ಪೆಕ್ಟ್ರು ಬಂದು ಮುದ್ರೆ ಒತ್ತಿದಾರೆ ಸಾರ್. ಇವಳ ಕೈಗೆ ಯಾರ್ ಸಾರ್ ಒತ್ತೋದು?" ಎಂದ. ಈ ಸಲ ಮೇಷ್ಟ್ರೂ ನಕ್ಕರು.

ಅವಳಿಗೆ ನಗು ಅಷ್ಟಾಗಿ ಕೇಳಿಸಲೇ ಇಲ್ಲ. ನಲವತ್ತೆರಡು. ಅಂಗಡಿಗೆ ಸೇರಿದ ಹೊಸದರಲ್ಲಿ ಅಡಿಪಟ್ಟಿಯಲ್ಲಿ ತಾನೇ ಅಳೆದುಕೊಂಡಿದ್ದಳು, ಹದಿನೈದು ಅಂಗುಲ. ಅಂದರೆ ಮೂವತ್ತೆಂಟು. ಕದಿರಪ್ಪನ ಮಾರು ಆರಡಿ, ನೂರ ಎಂಬತ್ತಮೂರು. ಬೆಂಚಿಗೆ ಮರಳುವಷ್ಟರಲ್ಲಿ ತಲೆಯೊಳಗೆ ಭಾಗಾಕಾರ ತಾನಾಗಿಯೇ ನಡೆದುಹೋಗಿತ್ತು. ಹತ್ತು ಮಾರಿಗೆ ಮೊದಲು ನಲವತ್ತೆಂಟು ಮೊಳ ಬರುತ್ತಿತ್ತು, ಈಗ ನಲವತ್ತಮೂರೂವರೆ. ನಾಲ್ಕೂವರೆ ಮೊಳ ಎಲ್ಲಿ ಹೋಯಿತು ಎಂದು ಮುನಿನಾರಾಯಣಮ್ಮ ನಿನ್ನೆ ಹುಡುಕಿದ್ದು ಇವಳ ಕೈಯಲ್ಲಿ. ಸರಿಯಾದ ಜಾಗದಲ್ಲೇ ಹುಡುಕಿದ್ದಳು. ಕಾಗದವಿಲ್ಲದೆ ಇಷ್ಟು ಸರಿಯಾಗಿ ಲೆಕ್ಕ ಮಾಡಿದ್ದು ತಿಳಿದರೆ ಮೇಷ್ಟ್ರು ಬೆನ್ನು ತಟ್ಟುತ್ತಿದ್ದರು. ಅವರಿಗೆ ಹೇಳುವಂತಿರಲಿಲ್ಲ, ಅಷ್ಟೆ. ಉಳಿದ ಪಿರಿಯಡ್ಡುಗಳಲ್ಲಿ ಅವಳು ಬಲಗೈಯನ್ನು ಸೆರಗಿನೊಳಗೆ ಇಟ್ಟುಕೊಂಡೇ ಕೂತಳು, ಬರೆಯಬೇಕಾದಾಗ ಮಾತ್ರ ಹೊರಗೆ ತೆಗೆದಳು.

ಸ್ಕೂಲು ಬಿಟ್ಟ ಮೇಲೆ ರೈಲ್ವೆ ಗೇಟು ಹಾಕಿತ್ತು. ಗೂಡ್ಸು ಗಾಡಿ ಮುಗಿಯಲೇ ಒಲ್ಲದು. ಗೇಟಿನ ಈಚೆ ನಿಂತು ಕೃಷ್ಣಿ ಬೆರಳು ಮಡಿಸುವುದನ್ನು ಅಭ್ಯಾಸ ಮಾಡಿದಳು. ಎರಡು ದಾರಿ ಇದ್ದವು. ದಾರದ ತುದಿಯನ್ನು ಮೊಳಕೈಯ ಮೂಳೆಗೆ ಇಡುವ ಬದಲು ಎರಡು ಬೆರಳು ಕೆಳಗೆ ಇಡುವುದು; ನಡುಬೆರಳನ್ನು ಉಗುರಿನ ಹತ್ತಿರ ಸ್ವಲ್ಪವೇ ಬಗ್ಗಿಸುವುದು. ಎರಡೂ ಸೇರಿದರೆ ನಾಲ್ಕು ಸೆಂಟಿಮೀಟರು. ಮೊದಲಾದರೆ ಅವಳು ಬೆರಳನ್ನು ಅಷ್ಟೂ ಚಾಚಿ, ಅಳೆದಾದ ಮೇಲೆ ನಾಲ್ಕು ಹೂವು ಕೊಸರನ್ನೂ ಕೊಡುತ್ತಿದ್ದಳು. ಕೊಸರು ಸಿಕ್ಕಿದ ಹೆಂಗಸರು, ಧಾರಾಳದ ಹುಡುಗಿ ಎಂದು ಹರಸಿ ಹೋಗುತ್ತಿದ್ದರು. ಕೈ ಚಿಕ್ಕದಿದ್ದಾಗ ಧಾರಾಳವಾಗಿರುವುದು ಸುಲಭವಿತ್ತು. ಗೇಟು ತೆಗೆಯಿತು. ಸೈಕಲ್ಲುಗಳ ಮಧ್ಯೆ ನುಗ್ಗುತ್ತ ಅವಳು, ಇವತ್ತೊಂದು ದಿನ ನಲವತ್ತೆಂಟು ತೋರಿಸಿಬಿಟ್ಟರೆ, ಆಯಮ್ಮ ಮಾತಾಡುವುದನ್ನೇ ಮರೆತರೆ, ಎಂದು ಪುಟ್ಟ ಮಕ್ಕಳ ಹಾಗೆ ಆಸೆ ಕಟ್ಟಿಕೊಂಡಳು.

ಅಂಗಡಿಯ ಮುಂದೆ ಆಗಲೇ ಜನ ಮುತ್ತಿಕೊಂಡಿದ್ದರು. ಒಳಗೆ ಕದಿರಪ್ಪ ಗೋಣಿಯ ಮೇಲೆ ಕೂತು ನರಳುತ್ತಿದ್ದ. ಬೆಳಿಗ್ಗೆ ಕೋಗಿಲಿನಿಂದ ಹೂವಿನ ಮೂಟೆ ಹೇರಿಕೊಂಡು ಬರುತ್ತ ಹೆಬ್ಬಾಳದ ಏರಿಯ ಮೇಲೆ ಸೈಕಲ್ಲಿನಿಂದ ಬಿದ್ದಿದ್ದನಂತೆ. ಭುಜ ಜಾರಿ, ಬಲಗೈಯನ್ನು ಎದೆಗೆ ಸೇರಿಸಿ ಬಿಗಿದು ಕಟ್ಟಿದ್ದರು. ಮುನಿನಾರಾಯಣಮ್ಮ ಯಾರನ್ನು ಬಯ್ಯುತ್ತಿದ್ದಳೋ ತಿಳಿಯುತ್ತಿರಲಿಲ್ಲ. ಸೈಕಲ್ಲನ್ನೋ, ಗಂಡನನ್ನೋ, ಹಬ್ಬವನ್ನೋ. ಕೃಷ್ಣಿಯನ್ನು ಕಂಡು, "ಬಂದ್ಯಾ? ಕುಂತ್ಕೋ ಬಿರ್ನೆ. ಕೊಸ್ರು ಗಿಸ್ರು ಕೊಟ್ಟೀಯ, ಜೋಕೆ" ಎಂದಳು. ಕೃಷ್ಣಿ ಚೀಲ ಮೂಲೆಗಿಟ್ಟು, ಒದ್ದೆ ಗೋಣಿಯ ಮೇಲಿನ ಕಾಕಡದ ಸುರುಳಿಯನ್ನು ತೊಡೆಗೆ ಎಳೆದುಕೊಂಡಳು. ಮೂಳೆಗಿಂತ ಎರಡು ಬೆರಳು ಕೆಳಗೆ. ಉಗುರು ಬಗ್ಗಿಸಿ. ಒಂದು ಮೊಳ. ಮೂಳೆಗಿಂತ ಎರಡು ಬೆರಳು ಕೆಳಗೆ. ಎರಡು ಮೊಳ. ಬಾಳೆ ಎಲೆಯಲ್ಲಿ ಸುತ್ತಿ ನಾರಿನಿಂದ ಕಟ್ಟಿ ಕೊಡು. ಮುಂದಿನವರು. ಹೆಂಗಸರ ಕಣ್ಣು ಅವಳ ಬೆರಳಿನ ಮೇಲೆಯೇ ಇರುತ್ತಿತ್ತು. ಮಲ್ಲೇಶ್ವರದ ಕಡೆಯ ಒಬ್ಬಾಕೆ, ರೇಷ್ಮೆ ಸೀರೆಯವಳು, ಅವಳ ಮಣಿಕಟ್ಟನ್ನೇ ಹಿಡಿದುಕೊಂಡು, "ಏಯ್ ಹುಡುಗಿ, ಬೆರಳು ನೆಟ್ಟಗೆ ಮಾಡೆ. ಏನ್ ಗಿಣಿ ಕೊಕ್ಕು ಮಾಡ್ತೀಯ?" ಎಂದು ಎಲ್ಲರಿಗೂ ಕೇಳುವಂತೆ ಅಂದಳು. ಬೆರಳು ನೆಟ್ಟಗಾಯಿತು. ಹಿಂದಿನಿಂದ ಮುನಿನಾರಾಯಣಮ್ಮ ಕೆಮ್ಮಿದಳು. ಮುಂದಿನಿಂದ ಒಬ್ಬರು ನೋಡುತ್ತಾರೆ, ಹಿಂದಿನಿಂದ ಒಬ್ಬರು, ಮಧ್ಯದಲ್ಲಿ ಈ ಹಾಳು ಕೈ.

"ಎರಡು ಮೊಳ ಕಾಕಡ ಕೊಡಮ್ಮ, ಕೃಷ್ಣಮ್ಮ."

ತಲೆಯೆತ್ತದೆಯೇ ಗೊತ್ತಾಯಿತು. ನರಸಯ್ಯ ಮೇಷ್ಟ್ರು. ಬಟ್ಟೆಚೀಲದಲ್ಲಿ ಬಾಳೆಕಂದು, ಮಾವಿನಸೊಪ್ಪು. ಸ್ಕೂಲಿನಲ್ಲಿ ಅಷ್ಟು ಎತ್ತರವಾಗಿ ಕಾಣುವವರು ಇಲ್ಲಿ ಹೆಂಗಸರ ನಡುವೆ ಸಂಕೋಚದಿಂದ ಕುಗ್ಗಿ ನಿಂತಿದ್ದರು. ಬೆಳಿಗ್ಗೆ ನಕ್ಕಿದ್ದು ಅವರ ಮನಸ್ಸಿನಲ್ಲಿ ಉಳಿದಿತ್ತೋ ಏನೋ, ಒಳಗೆ ಕೂತಿದ್ದ ಮುನಿನಾರಾಯಣಮ್ಮನಿಗೆ, "ಈ ಹುಡುಗಿ ಲೆಕ್ಕದಲ್ಲಿ ಬಹಳ ಚುರುಕು ಕಣಮ್ಮ. ಎಸ್ಸೆಸ್ಸೆಲ್ಸೀಲಿ ಫಸ್ಟ್ ಕ್ಲಾಸು ಬಂದೇ ಬರ್ತಾಳೆ. ಓದು ಬಿಡಿಸ್ಬೇಡಿ" ಎಂದರು. "ನಾವ್ಯಾಕ್ ಬುಡುಸ್ತೀವಿ ಸಾಮಿ, ನಮ್ ಮನೆ ಮಗು ಇದ್ದಂಗೆ" ಎಂದಳು ಆಕೆ. ಅವರು ಆ ಕಡೆ ತಿರುಗಿ ಮಾತಾಡುತ್ತಿರುವಾಗಲೇ ಅಳೆದು ಮುಗಿಸಿಬಿಡಬೇಕೆಂದು ಕೃಷ್ಣಿ ದಾರ ಹಿಡಿದಳು. ಈ ಒಬ್ಬರಿಗೆ ಸರಿಯಾಗಿ ಅಳೆದುಬಿಡೋಣ, ನಲವತ್ತೆರಡಕ್ಕೆ ನಲವತ್ತೆರಡು. ಹಾಗೆಂದುಕೊಂಡದ್ದು ಮನಸ್ಸು. ಕೈ ಮಾತ್ರ ತಾನು ಕಲಿತ ಹಾಗೆ ಮೂಳೆಗಿಂತ ಎರಡು ಬೆರಳು ಕೆಳಗಿನಿಂದಲೇ ಹೊರಟು, ಉಗುರು ಬಗ್ಗಿಸಿ ನಿಂತಿತು. ಮೇಷ್ಟ್ರು ಆ ಹೊತ್ತಿಗೇ ಈ ಕಡೆ ತಿರುಗಿದರು. ಬೆಳಿಗ್ಗೆ ತಾವೇ ನೆಟ್ಟಗೆ ಮಾಡಿದ ಬೆರಳು ಅದು. ಅವರ ನೋಟ ಒಂದು ಗಳಿಗೆ ಅದರ ಮೇಲೆ ನಿಂತು, ಪಕ್ಕದಲ್ಲಿ ರಾಶಿ ಹಾಕಿದ್ದ ಬೂದುಗುಂಬಳದ ಕಡೆಗೆ ಹೊರಳಿತು. ಪೊಟ್ಟಣ ತೆಗೆದುಕೊಂಡು, "ಬರ್ತೀನಮ್ಮ" ಎಂದು ಎಷ್ಟು ಬೇಗ ಹೋದರೆಂದರೆ ತಪ್ಪು ಮಾಡಿ ಸಿಕ್ಕಿಬಿದ್ದವರು ಅವರೇ ಅನ್ನಬೇಕು. ಬೈದಿದ್ದರೆ ಚೆನ್ನಾಗಿತ್ತು. ಕೋಲು ತಂದು ಅಳೆದಿದ್ದರೂ ಚೆನ್ನಾಗಿತ್ತು. ತನಗಾಗಿ ಇನ್ನೊಬ್ಬರು ನಾಚಿಕೊಳ್ಳುವುದನ್ನು ನೋಡುವುದಕ್ಕಿಂತ ಕೀಳಾದದ್ದು ಇಲ್ಲ ಎಂದು ಕೃಷ್ಣಿಗೆ ಅವತ್ತು ಗೊತ್ತಾಯಿತು.

"ಕಿಷ್ಣಿ, ಒಳಿಕ್ ಬಾರೆ ವಸಿ." ಮುನಿನಾರಾಯಣಮ್ಮ ತಾನೇ ಗಿರಾಕಿಗಳ ಮುಂದೆ ಒಂದು ಗೋಣಿ ಎಳೆದು, ಈಗ ಬಂದೆ ಎಂದು ಕೂಗಿ, ಹಿಂದಕ್ಕೆ ಬಂದಳು. ಮುಗಿಯಿತು ಅಂದುಕೊಂಡಳು ಕೃಷ್ಣಿ. ಹಬ್ಬ ಕಳೆಯುವವರೆಗೂ ಕಾಯಲಿಲ್ಲ ಆಕೆ. ಅವ್ವನ ಪಕ್ಕದ ಜಾಗ, ಹೆಬ್ಬೆರಳಿಗೆ ಸಿಕ್ಕಿಸಿದ ದಾರ, ಎಲ್ಲ ಕಣ್ಣ ಮುಂದೆ ಬಂತು.

"ನೆಟ್ಗ್ ನಿಂತ್ಕೋ. ಎಲ್ಡ್ ಕೈನೂ ಅಗ್ಲ ಮಾಡು."

ಯಾಕೆ ಎಂದು ಕೇಳದೆ ಅಗಲ ಮಾಡಿದಳು. ಮುನಿನಾರಾಯಣಮ್ಮ ಒಂದು ದಾರವನ್ನು ಅವಳ ಎಡಗೈಯ ತುದಿಯಿಂದ ಬಲಗೈಯ ತುದಿಗೆ ಎಳೆದು, ಅದನ್ನು ಕದಿರಪ್ಪನ ಮಾರಿನ ಅಳತೆಗೆಂದು ಕಂಬಕ್ಕೆ ನೇತುಹಾಕಿದ್ದ ಹಳೆಯ ಹುರಿಯ ಪಕ್ಕದಲ್ಲಿ ಹಿಡಿದಳು. "ಒಂದ್ ಗೇಣು ಕಮ್ಮಿ" ಎಂದಳು. ಕದಿರಪ್ಪ ನರಳುವುದನ್ನು ನಿಲ್ಲಿಸಿ, "ಪರ್ವಾಗಿಲ್ಲ, ಉಡ್ಗಿ ಬೆಳ್ದೈತೆ" ಎಂದ.

"ನೋಡು ಕಿಷ್ಣಿ, ಮೊಳ ಆಕಾಕೆ ನೀನು ಇನ್ ಆಗಾಕಿಲ್ಲ. ತೋಳು ಬೆಳ್ದೋಯ್ತು. ಅದಕ್ಕೆ ಬ್ಯಾರೆ ಚಿಕ್ ಉಡ್ಗೀನ ನೋಡ್ಕತೀನಿ. ಇವ್ನ್ ಕೈ ನೋಡಿದ್ರೆ ಇಂಗಾಗೋಯ್ತು, ಇನ್ ಎಲ್ಡ್ ತಿಂಗ್ಳು ಎತ್ತಾಕಾಗಲ್ವಂತೆ. ಇವತ್ನಿಂದ ಮಾರು ನೀನೇ ಆಕು. ಕಟ್ಟೋರ್ ಬರೋ ವೊತ್ತಾಯ್ತು. ಒಂದ್ ಗೇಣು ಕಮ್ಮಿ ಐತಲ್ಲ, ಅದನ್ನ ಇಂಗ್ ಸರಿ ಮಾಡ್ಬೇಕು." ಆಕೆ ಹೂವಿನ ದಂಡೆ ಹಿಡಿದು ತೋರಿಸಿದಳು. ಒಂದು ಮಾರು ಅಳೆದು ಕೈ ಬದಲಾಯಿಸುವಾಗ, ಎಡಗೈ ಹಿಡಿಯುವ ಮೊದಲು ದಾರ ಒಂದು ಗೇಣು ಜಾರಿ ಹೋಗಬೇಕು. "ಎಳ್ಕಂಡಂಗ್ ಕಾಣ್ಬೇಕು. ಜಾರ್ಸಿದಂಗ್ ಕಾಣ್ಬಾರ್ದು." ಎರಡನೆಯ ಸಲಕ್ಕೇ ಕೃಷ್ಣಿಗೆ ಬಂದುಬಿಟ್ಟಿತು. "ಓದ್ದೋಳು ನೋಡು" ಎಂದು ಮುನಿನಾರಾಯಣಮ್ಮ ಗಂಡನಿಗೆ ಹೇಳಿ, ಒಂದು ಪೆನ್ಸಿಲು ಮತ್ತು ಉದ್ದನೆಯ ಪುಸ್ತಕ ಕೊಟ್ಟಳು. "ಯಾರ್ದೆಷ್ಟು ಮಾರು ಅಂತ ನೀನೇ ಬರ್ಕೋ."

ಕೃಷ್ಣಿಗೆ ಸಂತೋಷವಾಯಿತು. ಅದನ್ನು ಮುಚ್ಚಿಡುವುದೇಕೆ, ಕುಣಿಯಬೇಕೆನ್ನುವಷ್ಟು ಸಂತೋಷವಾಯಿತು. ಸ್ಕೂಲು ಉಳಿಯಿತು. ಏಳು ತಿಂಗಳೇನು, ಇನ್ನು ಕೈ ಎಷ್ಟು ಬೆಳೆದರೂ ಬೆಳೆಯಲಿ, ಬೆಳೆದಷ್ಟೂ ಒಳ್ಳೆಯದು. ಬೆಳಿಗ್ಗೆಯಿಂದ ಮಡಿಸಿ ಮುದುರಿ ಇಟ್ಟುಕೊಂಡಿದ್ದ ತೋಳನ್ನು ಅವಳು ಹಾಗೇ ಅಗಲಿಸಿ ಇನ್ನೊಂದು ಸಲ ನಿಂತು ನೋಡಿದಳು. ಕದಿರಪ್ಪನ ತೋಳಿನಲ್ಲಿ ಮೋಸವಿರಲಿಲ್ಲ, ಅದು ಇದ್ದದ್ದೇ ಅಷ್ಟುದ್ದ. ತನ್ನದು ಹಾಗಲ್ಲ ಎನ್ನುವುದು ಹೊಳೆಯಿತು, ಹೊಳೆದು ಹೋಯಿತು. ಕಟ್ಟುವವರು ಎಂದರೆ ಯಾರು ಎನ್ನುವುದು ಮಾತ್ರ, ಆಶ್ಚರ್ಯ, ಅವರು ಬುಟ್ಟಿ ಹಿಡಿದು ಸಂದಿಯ ಕಡೆಯಿಂದ ಬರುತ್ತಿರುವುದು ಕಾಣುವವರೆಗೂ ಅವಳ ತಲೆಗೆ ಬರಲೇ ಇಲ್ಲ.

ಇನ್ನೂ ಬೆಳಕಿತ್ತು. ಆರೇಳು ಜನ ಹೆಂಗಸರು. ಎಲ್ಲರಿಗಿಂತ ಮುಂದೆ ನೆರೆಮನೆಯ ಅಕ್ಬರಿ, ಅವಳ ಹಿಂದೆ ಅವ್ವ. ಕದಿರಪ್ಪ ನಿಲ್ಲುವ ಜಾಗದಲ್ಲಿ ಮಗಳು ನಿಂತಿರುವುದನ್ನು ಕಂಡು ಅವ್ವನ ಮುಖ ಅರಳಿತು. ಹಿಂದಿದ್ದವಳಿಗೆ ಮೊಳಕೈಯಿಂದ ತಿವಿದು, ನೋಡು ಎನ್ನುವಂತೆ ಕಣ್ಣಲ್ಲೇ ತೋರಿಸಿದಳು. ಅವ್ವ ಹಾಗೆ ನಗುವುದು ಅಪರೂಪ. ಇವತ್ತು ಹನ್ನೆರಡು ಹನ್ನೆರಡೇ ಆಗುತ್ತದೆ ಎಂದು ಆ ನಗುವಿನಲ್ಲಿ ಬರೆದಿತ್ತು.

"ಅರೆ, ನಮ್ಮ ಕೃಷ್ಣಿ ಅಳೀತದೆ ಇವತ್ತು!" ಎಂದಳು ಅಕ್ಬರಿ, ಬುಟ್ಟಿ ಇಳಿಸುತ್ತ. "ಅಲ್ಲಾ ಕಣ್ಣು ಬಿಟ್ಟ. ಆ ತಾಳೆಮರದ ಕೈಯಿಂದ ನಮಗೆ ಛುಟ್ಟಿ. ಹತ್ತು ಮಾರು ಐತೆ ಬೇಟಿ, ಮನೇಲಿ ಎರಡು ಸಲ ನೋಡೀನಿ."

ಮೊದಲ ಮಾರಿಗೆ ಒಂದು ಎನ್ನಬಾರದು, ಲಾಭ ಎನ್ನಬೇಕು. "ಲಾಭ" ಎಂದಳು ಕೃಷ್ಣಿ. ಕೈ ಬದಲಾಯಿಸುವಾಗ ದಾರ ಜಾರಲಿಲ್ಲ. ಜಾರಿಸಲಾಗಲಿಲ್ಲ. "ಎರಡು" ಎಂದಳು. ಒಳಗಿನಿಂದ ಮುನಿನಾರಾಯಣಮ್ಮನ ದನಿ ಬಂತು, ಮೆತ್ತಗೆ: "ಕಿಷ್ಣಿ, ದಾರ ಸಡ್ಲ ಬುಟ್ಟಿದ್ಯ ನೋಡು." ಮೂರನೆಯದಕ್ಕೆ ಜಾರಿತು. ನಾಲ್ಕಕ್ಕೂ ಜಾರಿತು. ಆಮೇಲೆ ಮೊದಲೆರಡರಲ್ಲಿ ಬಿಟ್ಟುಹೋದದ್ದನ್ನೂ ಸೇರಿಸಿ ಜಾರಿತು. "ಎಂಟೂಕಾಲು."

ಅಕ್ಬರಿ ಖಾಲಿ ಬುಟ್ಟಿ ನೋಡಿದಳು, ದಂಡೆ ನೋಡಿದಳು. "ಅವನ ಕೈಲೇ ಎಂಟೂವರೆ ಬರ್ತಿತ್ತಲ್ಲ." ಕೃಷ್ಣಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದಳು, ಎಂಟೂಕಾಲು ಎಂದು ಬರೆಯಲು ಎಷ್ಟು ಹೊತ್ತು ಬೇಕೋ ಅದರ ನಾಲ್ಕರಷ್ಟು ಹೊತ್ತು ತೆಗೆದುಕೊಂಡಳು. ಅಕ್ಬರಿ ಹೋಗಲಿಲ್ಲ. ಬುಟ್ಟಿಯನ್ನು ಸೊಂಟಕ್ಕೆ ಒತ್ತಿಕೊಂಡು ಪಕ್ಕಕ್ಕೆ ಸರಿದು ನಿಂತಳು. "ನಿಮ್ಮವ್ವಂದೂ ಹಿಂಗೇ ಅಳೀತೀಯೇನು, ನೋಡೇ ಹೋಗ್ತೀನಿ." ಸಾಲಿನಲ್ಲಿದ್ದವರೆಲ್ಲ ಒಂದೊಂದು ಹೆಜ್ಜೆ ಮುಂದೆ ಬಂದರು.

ಅವ್ವ ಬುಟ್ಟಿ ಇಟ್ಟು ಒದ್ದೆ ಬಟ್ಟೆ ತೆಗೆದಳು. ಹೂವು ಒತ್ತೊತ್ತಾಗಿ, ಒಂದೇ ಸಮನಾಗಿ ಕಟ್ಟಿತ್ತು. ಅವ್ವನಷ್ಟು ಚೆನ್ನಾಗಿ ಕಟ್ಟುವವರು ಆ ಸಾಲಿನಲ್ಲಿ ಇನ್ನೊಬ್ಬರಿರಲಿಲ್ಲ. ಅವಳ ಮುಖದಲ್ಲಿ ನಗು ಇನ್ನೂ ಸ್ವಲ್ಪ ಉಳಿದಿತ್ತು. ಅಕ್ಬರಿಗೆ ಆದದ್ದನ್ನು ನೋಡಿಯೂ ಉಳಿದಿತ್ತು, ಅದೇ ಕೃಷ್ಣಿಗೆ ಸಹಿಸಲಾಗದ್ದು. ತಲೆಯೊಳಗೆ ಲೆಕ್ಕ ಓಡಿತು. ಹತ್ತಕ್ಕೆ ಎಂಟೂಕಾಲಾದರೆ ಹನ್ನೆರಡಕ್ಕೆ ಹತ್ತಕ್ಕೆ ಒಂದು ಚೂರು ಕಡಿಮೆ. ಹತ್ತು ಎಂದರೆ ಅಕ್ಬರಿ ಬಾಯಿ ಮುಚ್ಚುತ್ತಾಳೆ. ಹತ್ತೂಕಾಲು ಎಂದರೆ ಬಿಡುವುದಿಲ್ಲ. ಹತ್ತು. ಹತ್ತು ಆಗಲಿ. ಲಾಭ. ಎರಡು. ದಂಡೆ ತಣ್ಣಗೆ ಅಂಗೈಯಲ್ಲಿ ಜಾರುತ್ತಿತ್ತು. ಬೆನ್ನ ಹಿಂದೆ ಮುನಿನಾರಾಯಣಮ್ಮ ಎದ್ದು ಬಂದು ನಿಂತಿರುವುದು ಎಲೆಅಡಿಕೆಯ ವಾಸನೆಯಿಂದ ತಿಳಿಯಿತು. ಐದು. ಅವ್ವ ಯಾಕೆ ಇನ್ನೂ ಹಾಗೆ ನೋಡುತ್ತಿದ್ದಾಳೆ? ಯಾಕೆ ಒಂದು ಮಾತು ಜಗಳವಾಡುವುದಿಲ್ಲ? ಆರು, ಏಳು. ಅಕ್ಬರಿಗೆ ತೋರಿಸುವುದಕ್ಕೋ, ಹಿಂದೆ ನಿಂತವಳಿಗೆ ತೋರಿಸುವುದಕ್ಕೋ, ಅಥವಾ ಆ ನಗುವಿನ ಮೇಲಿನ ಸಿಟ್ಟಿಗೋ, ಕೈ ಒಂದು ಗೇಣಿಗೆ ಒಂದೂವರೆ ಗೇಣು ಬಿಡತೊಡಗಿತು. ಬಿಡುತ್ತಿದೆಯೆಂದು ಅವಳಿಗೆ ಗೊತ್ತಿತ್ತು, ನಿಲ್ಲಿಸಬಹುದೆಂದೂ ಗೊತ್ತಿತ್ತು. ಒಂಬತ್ತು. ದಂಡೆಯ ತುದಿ ಎದೆಯ ಹತ್ತಿರ ಬಂದು ಮುಗಿಯಿತು.

"ಒಂಬತ್ತೂವರೆ" ಎಂದಳು, ಬೇಕಾದದ್ದಕ್ಕಿಂತ ಗಟ್ಟಿಯಾಗಿ.

ಅವ್ವ ಒದ್ದೆ ಬಟ್ಟೆಯನ್ನು ಹಿಂಡಿ, ನಾಲ್ಕು ಮಡಿಕೆ ಮಾಡಿ, ಬುಟ್ಟಿಯೊಳಗೆ ಹಾಕಿಕೊಂಡಳು. ಬುಟ್ಟಿಯನ್ನು ಎತ್ತಿಕೊಂಡು, ಕಣ್ಣು ಕೆಳಗೆ ಮಾಡಿ, ದಾರಿ ಬಿಡುವವಳ ಹಾಗೆ ಒಂದು ಹೆಜ್ಜೆ ಹಿಂದೆ ಸರಿದಳು.

"ಸರಿ ಬಿಡಿ. ಒಂಬತ್ತೂವರೆ ಅಂತ್ಲೇ ಬರ್ಕಳಿ."

ಬಿಡಿ. ಬರ್ಕಳಿ. ಹುಟ್ಟಿದಾಗಿನಿಂದ ಅವ್ವ ಅವಳಿಗೆ ಹಾಗೆ ಮಾತಾಡಿರಲಿಲ್ಲ. ವ್ಯಂಗ್ಯವಿದೆಯೇ ಎಂದು ಕೃಷ್ಣಿ ಆ ದನಿಯಲ್ಲಿ ಹುಡುಕಿದಳು. ಇದ್ದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಇರಲಿಲ್ಲ. ಕದಿರಪ್ಪನಿಗೆ ಹೇಳುವ ಹಾಗೆ, ಗೂಡ್ಸ್ ಶೆಡ್ಡಿನ ಗುಮಾಸ್ತನಿಗೆ ಹೇಳುವ ಹಾಗೆ, ಅಳೆಯುವವರು ಯಾರೇ ಆದರೂ ಅವರಿಗೆ ಹೇಳುವ ಹಾಗೆ ಹೇಳಿದ್ದಳು. ಅವ್ವ ಎಂದು ಕರೆಯಬೇಕೆಂದುಕೊಂಡಳು. ಅಷ್ಟರಲ್ಲಿ ಅವ್ವ ಅಕ್ಬರಿಯ ಪಕ್ಕದಲ್ಲಿ, ಉಳಿದವರ ಜೊತೆಯಲ್ಲಿ ಹೋಗಿ ನಿಂತಾಗಿತ್ತು. ಕೃಷ್ಣಿ ಪೆನ್ಸಿಲು ಹಿಡಿದು ಅವ್ವನ ಹೆಸರು ಬರೆದಳು, ಬೈರಮ್ಮ, ಗೊರಗುಂಟೆಪಾಳ್ಯ, ಒಂಬತ್ತೂವರೆ. ಮುಂದಿನವಳು ಬುಟ್ಟಿ ಇಳಿಸಿದಳು.